ನಿಮ್ಮ ಕಾಗದದಲ್ಲೇ ಹದಿನಾಲ್ಕು ಮಾತುಗಳಿವೆ

ಸಕಲೇಶಪುರ ತಾಲ್ಲೂಕಿನ ತೋಟದ ಮನೆಯೊಂದರಿಂದ ಓದುಗರೊಬ್ಬರು ಬರೆದಿರುವ ಕಾಗದದ ಮುಖ್ಯ ಭಾಗ ಇದು:

"ನನ್ನ ಮಗನಿಗೆ ಒಂದು ವರ್ಷ ಎಂಟು ತಿಂಗಳು. ಬರುವುದು ಆರೇ ಮಾತು: ಅಮ್ಮ, ಅಪ್ಪ, ತಾತ, ಅದ್ದಿ (ಅಜ್ಜಿ), ಬಾ, ಬೇಡ. ಉಳಿದದ್ದೆಲ್ಲ ಬುವ್ವ, ಅಂಬಾ, ಬೌಬೌ, ಡುರ್ರ್, ಜೇಜೇ, ಟಾಟಾ ಥರದ್ದು. ಅವು ಲೆಕ್ಕಕ್ಕಿಲ್ಲ. ಏನಾದರೂ ಕೈಜಾರಿ ಬಿದ್ದರೆ 'ಓಯ್ತು' ಅನ್ನುತ್ತಾನೆ. ಸಂಜೆಯಾದರೆ ಕಿಟಕಿ ಹತ್ತಿರ ನಿಂತು ಪಿಸುದನಿಯಲ್ಲಿ 'ಆನೆ' ಅನ್ನುತ್ತಾನೆ. ಪಕ್ಕದ ಮನೆಯ ಹುಡುಗಿಗೆ ಇದೇ ವಯಸ್ಸು, ಇಂಗ್ಲಿಷಿನಲ್ಲಿ ಬಣ್ಣದ ಹೆಸರೆಲ್ಲ ಹೇಳುತ್ತಾಳೆ. ಬುವ್ವ ಗಿವ್ವ ಬಿಟ್ಟು ನಾವೂ ಇಂಗ್ಲಿಷ್ ಶುರು ಮಾಡಬೇಕಾ? ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚೋಣ ಅನ್ನುತ್ತಾರೆ. ನಮ್ಮೆಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಮಗ ಫೋನ್ ಕಂಡರೆ 'ಅಪ್ಪ' ಅನ್ನುತ್ತಾನೆ. ಹೋದ ಸಲ ಅವರೇ ಬಂದು ಎದುರಿಗೆ ನಿಂತಾಗಲೂ 'ಅಪ್ಪ ಎಲ್ಲಿ?' ಅಂದರೆ ಫೋನಿನ ಕಡೆ ಕೈ ತೋರಿಸಿದ. ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ."

ಪ್ರೀತಿಯ ಸೋದರಿ,

ನಿಮ್ಮ ಕಾಗದ ಬಂದ ದಿನ ಪೆನ್ಸಿಲ್ ಹಿಡಿದುಕೊಂಡು ಎರಡು ಸಲ ಓದಿದೆ. ನಿಮ್ಮ ಮಗನ ಮಾತು ಬಂದಲ್ಲೆಲ್ಲ ಕೆಳಗೆ ಗೆರೆ ಎಳೆದೆ. ನೀವು ಬರೆದದ್ದು ಆರು. ಗೆರೆ ಎಣಿಸಿದರೆ ಹದಿನಾಲ್ಕು!

ಅಂಬಾ, ಬೌಬೌ ಲೆಕ್ಕಕ್ಕಿಲ್ಲ ಅಂತ ನಿಮಗೆ ಯಾರು ಹೇಳಿದರೋ. ದನ ಕಂಡಾಗಲೆಲ್ಲ ಅವನು ಅಂಬಾ ಅನ್ನುತ್ತಾನೆ, ದೇವರ ಮನೆ ಮುಂದೆ ಜೇಜೇ ಅನ್ನುತ್ತಾನೆ. ಅಂದ ಮೇಲೆ ಅವು ಪದಗಳೇ. ಒಂದು ಸದ್ದನ್ನು ಪ್ರತಿ ಸಲ ಒಂದೇ ಅರ್ಥಕ್ಕೆ, ಬೇಕೂಂತ ಬಳಸಿದರೆ ಅದು ಮಾತು. ನಿಘಂಟಿನಲ್ಲಿ ಇದೆಯೋ ಇಲ್ಲವೋ ಮಗುವಿಗೆ ಬೇಕಿಲ್ಲ, ನಮಗೂ ಬೇಕಿಲ್ಲ.

ವೈದ್ಯರು ನೋಡುವ ಅಳತೆ ಹೇಳಿಬಿಡುತ್ತೇನೆ, ನಿಮ್ಮ ಮನಸ್ಸು ಹಗುರವಾಗಲಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತಿದ್ದಿ ಹೊರತಂದ ಪಟ್ಟಿಯ ಪ್ರಕಾರ, 18 ತಿಂಗಳಿಗೆ ಅಪ್ಪ ಅಮ್ಮ ಬಿಟ್ಟು ಮೂರು ಮಾತಾದರೂ ಆಡಲು ನೋಡಬೇಕು. ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು. ಎರಡೂವರೆ ವರ್ಷಕ್ಕೆ ಸುಮಾರು 50 ಪದ. ಇದು ನೂರಕ್ಕೆ ಎಪ್ಪತ್ತೈದು ಮಕ್ಕಳಾದರೂ ಮುಟ್ಟಿರುವ ಮೆಟ್ಟಿಲು. ಅದಕ್ಕಿಂತ ಎಷ್ಟೋ ಮುಂದೆ ಓಡುವ ಮಕ್ಕಳೂ ಇದ್ದಾರೆ. ನಿಮ್ಮ ಮಗ ಮೆಟ್ಟಿಲು ದಾಟಿ ನಿಂತಿದ್ದಾನೆ.

ಇನ್ನು ಬುವ್ವದ ವಿಷಯ. ಬಿಡಬೇಡಿ. ಮಗುವಿಗೆ ಮೊದಲು ಒಲಿಯುವುದು ತುಟಿಯ ಅಕ್ಷರಗಳು: ಪ, ಬ, ಮ. ಜೊತೆಗೆ ಬಾಯಿ ತೆರೆದರೆ ಸಾಕು ಬರುವ 'ಅ'. ಲೋಕದ ಎಷ್ಟೋ ಭಾಷೆಗಳಲ್ಲಿ ಅಮ್ಮನ ಹೆಸರಿನಲ್ಲಿ 'ಮ' ಇರುವುದಕ್ಕೆ ರೋಮನ್ ಯಾಕಬ್ಸನ್ ಎಂಬ ಭಾಷಾಶಾಸ್ತ್ರಜ್ಞರು ಒಂದು ಕಾರಣ ಹೇಳಿದ್ದರು. ಹಾಲು ಕುಡಿಯುವಾಗ ಬಾಯಿ ತುಂಬಿರುತ್ತದೆ, ಆಗ ಮೂಗಿನಿಂದ ಬರಬಲ್ಲ ಸದ್ದು 'ಮ್‌ಮ್' ಒಂದೇ. ಹಸಿವಾದಾಗ ಮಗು ಅದನ್ನೇ ಮತ್ತೆ ಮಾಡುತ್ತದೆ, ತಾಯಿ ಓಡಿ ಬರುತ್ತಾಳೆ. ಚಾರ್ಲ್ಸ್ ಫರ್ಗುಸನ್ ಎಂಬ ಇನ್ನೊಬ್ಬರು 1964ರಲ್ಲಿ ಆರು ಭಾಷೆಗಳಲ್ಲಿ ದೊಡ್ಡವರು ಮಕ್ಕಳ ಜೊತೆ ಆಡುವ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅದರಲ್ಲಿ ನಮ್ಮ ಪಕ್ಕದ ಮರಾಠಿಯೂ ಇತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಊಟ, ನಿದ್ದೆ, ಪ್ರಾಣಿ, ನೆಂಟರಿಗೆ ಇಂಥ ಪುಟ್ಟ ಪದಗಳಿದ್ದವು. ಒತ್ತಿ ಹೇಳುವಂಥವು, ಎರಡೆರಡು ಸಲ ಹೇಳುವಂಥವು. ಬುವ್ವ, ಜೇಜೇ, ತಾಚಿ ಎಲ್ಲ ಆ ಜಾತಿಗೆ ಸೇರಿದವು. ನಮ್ಮ ಅಜ್ಜಿಯರು ಮಗುವಿನ ಬಾಯಿಯ ಅಳತೆಗೆ ಸರಿಯಾಗಿ ಹೊಲಿದುಕೊಟ್ಟ ಅಂಗಿ ಇದು. ಬೆಳೆದ ಮೇಲೆ ತಾನಾಗಿ ಬಿಚ್ಚಿಡುತ್ತಾನೆ. ನೀವು ಮಾಡಬೇಕಾದದ್ದು ಇಷ್ಟೇ: ಅವನು ಬುವ್ವ ಅಂದರೆ "ಹೂಂ, ಬುವ್ವ ತಿನ್ನೋಣ, ಬಿಸಿ ಬಿಸಿ ಅನ್ನ, ಮೇಲೆ ತುಪ್ಪ" ಅಂತ ಉತ್ತರ ಕೊಡಿ. ಅನ್ನವೂ ಕಿವಿಗೆ ಬಿತ್ತು, ತುಪ್ಪವೂ ಬಿತ್ತು.

'ಓಯ್ತು' ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅದು ದೊಡ್ಡ ಮಾತು. ಕಣ್ಣಿಗೆ ಕಾಣದೆ ಹೋದ ವಸ್ತುವನ್ನು ನೆನಪಿನಲ್ಲಿ ಹಿಡಿದುಕೊಂಡರೆ ಮಾತ್ರ 'ಹೋಯ್ತು' ಅನ್ನಲು ಸಾಧ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಎಷ್ಟೋ ಸಲ ಇಡೀ ವಾಕ್ಯವೇ ಅದೊಂದು ಪದ. ಬಂತು, ಆಯ್ತು, ಸಾಕು, ಹೋಯ್ತು. ದಿನಕ್ಕೆ ನೂರು ಸಲ ಅನ್ನುತ್ತೇವೆ ಅಲ್ವಾ? ಅದಕ್ಕೇ ಅವು ನಮ್ಮ ಮಕ್ಕಳ ಬಾಯಿಗೆ ಬೇಗ ಹತ್ತುತ್ತವೆ. ಅವನು 'ಓಯ್ತು' ಅಂದಾಗ "ಚೆಂಡು ಹೋಯ್ತು, ಮಂಚದ ಕೆಳಗೆ ಹೋಯ್ತು" ಅನ್ನಿ. ಒಂದು ದಿನ 'ಚೆಂಡು' ಮತ್ತು 'ಓಯ್ತು' ಅವನ ಬಾಯಲ್ಲಿ ಒಟ್ಟಿಗೆ ಬರುತ್ತವೆ. ಅದೇ ಅವನ ಮೊದಲ ವಾಕ್ಯ ಆಗಬಹುದು. 'ಓಯ್ತು ಅಲ್ಲ, ಹೋಯ್ತು ಅನ್ನು' ಅಂತ ತಿದ್ದಬೇಡಿ. ನಮ್ಮ ಹಾಸನದ ಹಳ್ಳಿಗಳಲ್ಲಿ ದೊಡ್ಡವರೇ ಎಷ್ಟೋ ಜನ ಓಯ್ತು ಅನ್ನುತ್ತಾರೆ. ಅದ್ದಿಯೂ ಅಷ್ಟೇ, ತಾನಾಗಿ ಅಜ್ಜಿ ಆಗುತ್ತದೆ. ರ, ಳ, ಸ ಇನ್ನೂ ತಡವಾಗಿ ಬರುತ್ತವೆ, ಕಾಯಿರಿ.

ಇಡೀ ಕಾಗದದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು 'ಆನೆ'. ಪಿಸುದನಿಯಲ್ಲಿ ಅನ್ನುತ್ತಾನೆ ಅಂತ ಬರೆದಿದ್ದೀರಿ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕಾಡಾನೆ ಓಡಾಡುವುದು ನಿಮಗೆ ದಿನದ ಪಾಡು. ಹತ್ತಿರ ಬಂದಿದೆ ಅಂತ ಸುದ್ದಿ ಸಿಕ್ಕರೆ ಮನೆಯಲ್ಲಿ ಎಲ್ಲರ ದನಿ ಇಳಿಯುತ್ತದೆ. ನಾಯಿಯನ್ನು ಒಳಗೆ ಕರೆಯುತ್ತಾರೆ. ಕಿಟಕಿಯಿಂದ ಒಮ್ಮೆ ನೋಡಿ ಬಾಗಿಲು ಹಾಕುತ್ತಾರೆ. ನಿಮ್ಮ ಮಗ ಇದುವರೆಗೆ ಆನೆ ನೋಡಿದ್ದಾನೋ ಇಲ್ಲವೋ. ಆದರೆ ಆ ಇಳಿದ ದನಿ, ಆ ಕಿಟಕಿ, ಆ ಸಂಜೆ ಎಲ್ಲವನ್ನೂ 'ಆನೆ' ಎಂಬ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದ್ದಾನೆ. ಚಿತ್ರದ ಪುಸ್ತಕದಲ್ಲಿ ಆನೆ ತೋರಿಸಿದರೆ ಅವನು ಸುಮ್ಮನಿರಬಹುದು. ಗೊತ್ತಿಲ್ಲ ಅಂದುಕೊಳ್ಳಬೇಡಿ. ಅವನ ಆನೆ ಅದಲ್ಲ. ಮಕ್ಕಳು ಪದ ಕಲಿಯುವುದೇ ಹೀಗೆ. ಮನೆಯವರು ಅದನ್ನು ಯಾವಾಗ ಅಂದರು, ಯಾವ ದನಿಯಲ್ಲಿ ಅಂದರು, ಆಗ ಅವರ ಮುಖ ಹೇಗಿತ್ತು, ಎಲ್ಲ ಸೇರಿಸಿಕೊಂಡು ಕಲಿಯುತ್ತಾರೆ. ಕ್ರಮೇಣ ಒಂದೊಂದೇ ಎಳೆ ಬಿಡಿಸಿಕೊಳ್ಳುತ್ತಾರೆ.

ಇಂಗ್ಲಿಷ್ ಬೇಕಾ ಅಂತ ಕೇಳಿದ್ದೀರಿ. ಎರಡು ಭಾಷೆ ಕೇಳಿದರೆ ಮಗು ಗಲಿಬಿಲಿಯಾಗುತ್ತದೆ ಎಂಬುದು ಸುಳ್ಳು. ಎರಡರಲ್ಲಿ ಬರುವ ಪದಗಳನ್ನೂ ಕೂಡಿಸಿಯೇ ಎಣಿಸಬೇಕು. ಆದರೆ ನಮಗೆ ಸಲೀಸಲ್ಲದ ಭಾಷೆಯಲ್ಲಿ ಮಗುವಿನ ಜೊತೆ ಮಾತಾಡಲು ಹೋದರೆ ಮಾತು ಬರೀ ಹೆಸರು ಹೇಳುವುದಕ್ಕೆ ನಿಂತುಬಿಡುತ್ತದೆ. 'ರೆಡ್' ಅಂದ ಮೇಲೆ ಮುಂದೇನು? ಕನ್ನಡದಲ್ಲಾದರೆ "ಕೆಂಪು ಹಣ್ಣು, ಕಾಫಿ ಹಣ್ಣು, ಬಾಯಿಗೆ ಹಾಕ್ಕೋಬೇಡ, ತಾತ ಬೈತಾರೆ ನೋಡು" ಅಂತ ಒಂದೇ ಉಸಿರಿಗೆ ಹೇಳುತ್ತೀರಿ. ಅದರಲ್ಲಿ ಬಣ್ಣ ಇದೆ, ಹಣ್ಣಿದೆ, ತಾತ ಇದ್ದಾರೆ, ಅಕ್ಕರೆ ಇದೆ. ಪಕ್ಕದ ಮನೆ ಹುಡುಗಿ ಚೆನ್ನಾಗಿ ಕಲಿಯಲಿ, ಸಂತೋಷ. ನಿಮ್ಮ ಮನೆಯ ಮಾತು ನಿಮ್ಮ ಮನೆಯಲ್ಲಿ ನಡೆಯಲಿ.

ಬಜೆ ಬೇಡ. ಬಜೆಯಿಂದ ಮಾತು ಬರುವುದಿಲ್ಲ. ಅದನ್ನು ಜೇನಿನಲ್ಲಿ ತೇಯ್ದು ಹಸುಗೂಸಿಗೆ ನೆಕ್ಕಿಸುವ ರೂಢಿ ಕೆಲವು ಮನೆಗಳಲ್ಲಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು, ಅದರಿಂದ ಜೀವಕ್ಕೇ ಅಪಾಯವಾಗುವ ಕಾಯಿಲೆ ಬರಬಹುದು. ಆದರೆ ನಿಮ್ಮ ಅತ್ತೆಯವರಿಗೆ ಬೇಸರ ಮಾಡಬೇಡಿ. ಬಜೆಗಿಂತ ದೊಡ್ಡ ಔಷಧ ಅವರ ಹತ್ತಿರ ಇದೆ. ಮೊಮ್ಮಗನನ್ನು ಕಾಲ ಮೇಲೆ ಕೂರಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು ಅವರು ಆಡಿಸುವ ಆಟ, ಹೇಳುವ ಮಾತು. ದಿನಕ್ಕೆ ಅರ್ಧ ಗಂಟೆ ಅದು ನಡೆಯಲಿ ಅಂತ ನನ್ನ ಹೆಸರು ಹೇಳಿ ಕೇಳಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಿವಿ ಪರೀಕ್ಷೆ ಮಾಡಿಸಿ. ನಮ್ಮ ಬೀದಿಯಲ್ಲೇ ಒಂದು ಮಗು ಇತ್ತು. "ಗಂಡು ಮಕ್ಕಳು ಮಾತು ತಡ, ಸುಮ್ನೆ ಗಾಬರಿಯಾಗಬೇಡಿ" ಅಂತ ಎಲ್ಲರೂ ಅಂದರು, ತೋರಿಸಿದ ವೈದ್ಯರೊಬ್ಬರೂ ಹಾಗೇ ಅಂದು ಕಳಿಸಿದರು. ತಟ್ಟೆ ಬಡಿದರೆ ತಿರುಗಿ ನೋಡುತ್ತಿದ್ದ, ಹಾಗಾಗಿ ಕಿವಿ ಸರಿಯಿದೆ ಅಂದುಕೊಂಡರು. ಮೂರು ವರ್ಷವಾದ ಮೇಲೆ ಕಿವಿ ಮಂದ ಎಂದು ಗೊತ್ತಾಯಿತು. ತಟ್ಟೆಯ ಸದ್ದು ದೊಡ್ಡದು, ಮಾತಿನ ಸದ್ದು ಸಣ್ಣದು. ಒಂದು ಕೇಳಿದ ಮಾತ್ರಕ್ಕೆ ಇನ್ನೊಂದು ಕೇಳುತ್ತದೆ ಎಂದಲ್ಲ. ನಿಮ್ಮ ಕಡೆ ಮಳೆಗಾಲದ ಶೀತ ಬೇರೆ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತರೂ ಕೆಲವು ವಾರ ಸರಿಯಾಗಿ ಕೇಳಿಸುವುದಿಲ್ಲ.

ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೆ ತಿರುಗುತ್ತಾನಾ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾನಾ? "ಚಪ್ಪಲಿ ತಗೊಂಡು ಬಾ" ಅಂದರೆ ಕೈಸನ್ನೆ ಇಲ್ಲದೆ ತರುತ್ತಾನಾ? ಬಂದ ಮಾತು ಮತ್ತೆ ನಿಂತುಹೋಗಿಲ್ಲ ತಾನೆ? ಇದರಲ್ಲಿ ಒಂದಕ್ಕಾದರೂ ಅನುಮಾನ ಬಂದರೆ ಎರಡು ವರ್ಷ ತುಂಬಲಿ ಅಂತ ಕಾಯಬೇಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಕಿವಿಯ ತೊಂದರೆ, ಮಾತಿನ ತಡ ಎರಡೂ ಅವರ ಪಟ್ಟಿಯಲ್ಲಿವೆ. ಯಾವಾಗ ಬರುತ್ತಾರೆ ಅಂತ ನಿಮ್ಮ ಅಂಗನವಾಡಿ ಟೀಚರನ್ನು ಕೇಳಿ. ಪೂರ್ತಿ ಪರೀಕ್ಷೆ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಗು ಮಲಗಿರುವಾಗಲೇ ಮಾಡುವ ಪರೀಕ್ಷೆಗಳಿವೆ, ನೋವಿಲ್ಲ.

ಈಗ ನಿಮ್ಮ ಯಜಮಾನರ ವಿಷಯ. ಅವರು ಊಟ ಬಿಟ್ಟದ್ದು ಓದಿ ನನಗೆ ನನ್ನ ಕಾಲ ನೆನಪಾಯಿತು.

ನನ್ನ ಮಗಳು ಇಷ್ಟೇ ವಯಸ್ಸಿನವಳಿದ್ದಾಗ ನಾನು ಬೆಂಗಳೂರಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಹೆಂಡತಿ, ಮಗಳು ಹಾಸನದಲ್ಲಿ ನನ್ನ ತಾಯಿಯ ಜೊತೆ. ಆಗ ಇನ್‌ಲ್ಯಾಂಡ್ ಲೆಟರ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಒಮ್ಮೆ ಹೆಂಡತಿ ಬರೆದಳು: ಮಗಳು 'ಅಪ್ಪ' ಅಂದಳು, ಆದರೆ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಹೊಡೆದಾಗ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮುಂದಿನ ಸಲ ಊರಿಗೆ ಬಂದಾಗ ನಾನು ಹಾಕಿದ್ದ ಕಾಗದ ನನಗಿಂತ ಒಂದು ದಿನ ತಡವಾಗಿ ಬಂತು. ಬೆಲ್ ಕೇಳಿದ್ದೇ ತಡ, ನನ್ನ ತಾಯಿ ಒಳಗಿಂದ ಕೂಗಿದರು: "ಅಪ್ಪಂದು ಬಂತು ನೋಡೇ, ಅಪ್ಪಂದು ಬಂತು!" ಆಗ ಗೊತ್ತಾಯಿತು. ಆ ಬೆಲ್ಲು, ಆ ನೀಲಿ ಕಾಗದ, ಕೆಲಸ ಬಿಟ್ಟು ಕೂತು ಓದುವ ಅಮ್ಮ, ನಗುವ ಅಜ್ಜಿ, ಅಷ್ಟೂ ಸೇರಿ ಅವಳಿಗೆ ಅಪ್ಪ. ಅವಳು ಕಾಗದ ಹಿಡಿದು ಓಡಿ ಬಂದಳು. ನಾನೇ ಒಡೆದು ಗಟ್ಟಿಯಾಗಿ ಓದಿದೆ. ಓದುತ್ತಿದ್ದಾಗ ನನ್ನ ತುಟಿ ಮೇಲೆ ಅಂಗೈ ಇಟ್ಟಳು. ಕಾಗದ ನೋಡಿದಳು, ನನ್ನ ಮುಖ ನೋಡಿದಳು. 'ಅಪ್ಪ' ಅಂದಳು.

ನಿಮ್ಮ ಮನೆಯಲ್ಲೂ ಫೋನ್ ರಿಂಗ್ ಆದರೆ "ಅಪ್ಪ ಬಂದ್ರು ನೋಡು" ಅಂತ ಯಾರೋ ಅನ್ನುತ್ತಿರಬೇಕು. ಮಗು ನಿಮ್ಮ ಮಾತನ್ನು ಸರಿಯಾಗಿಯೇ ಕಲಿತಿದ್ದಾನೆ. ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡ ಅಂತ ವೈದ್ಯರು ಹೇಳುವುದು ಸುಮ್ನೆ ನೋಡುತ್ತಾ ಕೂರುವ ವಿಡಿಯೋಗಳಿಗೆ. ಅಪ್ಪನ ಜೊತೆ ವಿಡಿಯೋ ಕರೆ ನಿಲ್ಲಿಸಬೇಡಿ, ಅಲ್ಲಿ ಮಗುವಿಗೆ ಉತ್ತರ ಕೊಡುವವರಿದ್ದಾರೆ. ಅವರು ಫೋನಿನಲ್ಲಿ ದಿನಾ ಹೇಗೆ ಮಾತಾಡಿಸುತ್ತಾರೋ, ಊರಿಗೆ ಬಂದಾಗ ಅದೇ ಮಾತು, ಅದೇ ದನಿಯಲ್ಲಿ ಎದುರಿಗೆ ಕೂತು ಮಾತಾಡಿಸಲಿ. 'ಅಪ್ಪ ಅನ್ನು, ಅಪ್ಪ ಅನ್ನು' ಅಂತ ಯಾರೂ ಒತ್ತಾಯ ಮಾಡಬೇಡಿ. ಬೆಳಗಿನ ರಾಗಿ ಸರಿ ತಿನ್ನಿಸುವುದು, ಕೊಟ್ಟಿಗೆಗೆ ಎತ್ತಿಕೊಂಡು ಹೋಗಿ ಅಂಬಾ ತೋರಿಸುವುದು, ಇವೆರಡು ಆ ಎರಡು ದಿನ ಅವರ ಕೆಲಸವಾಗಲಿ.

ಕೊನೆಗೆ ಒಂದು ಕೋರಿಕೆ. ನನ್ನ ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಮಗಳ ಮಾತು ಬರೆದಿಡುತ್ತಿದ್ದಳು. ಒಂದು ಸಾಲು ಹೀಗಿದೆ: "ತಾತೆ = ಕಾಗೆ. ಹಿತ್ತಲಲ್ಲಿ ಹಪ್ಪಳ ಒಣಗಿಸುವಾಗ. ಕೋಲು ತೋರಿಸಿದಳು." ಇಷ್ಟೇ. ಓದಿದರೆ ಆ ಬಿಸಿಲು, ಆ ಹಪ್ಪಳ, ಆ ಪುಟ್ಟ ಕೈ ಕಣ್ಣಿಗೆ ಬರುತ್ತವೆ. ಮಗನ ಹೊತ್ತಿಗೆ ಕೆಲಸ ಜಾಸ್ತಿಯಾಗಿ ಬರೆಯುವುದು ನಿಂತಿತು. ಅವನ ಮೊದಲ ಮಾತು ಯಾವುದು ಅಂತ ನಮ್ಮಿಬ್ಬರಿಗೂ ನೆನಪಿಲ್ಲ. ಅವನು ಕೇಳಿದಾಗ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವು.

ನೀವು ಒಂದು ನೋಟ್‌ಬುಕ್ ತಂದಿಡಿ. ಪದ ಬರೆದು, ತಾರೀಕು, ಎಲ್ಲಿ, ಯಾರಿದ್ದರು ಅಂತ ಸೇರಿಸಿ. ಮೊದಲ ಸಾಲಿಗೆ 'ಆನೆ' ಹಾಕಿ. ಪಕ್ಕದಲ್ಲಿ 'ಸಂಜೆ, ಕಿಟಕಿ ಹತ್ತಿರ, ಪಿಸುದನಿಯಲ್ಲಿ' ಅಂತ ಬರೆಯಿರಿ.

– ಸಂಪಾದಕ