ಗೊತ್ತಿರುವ ಕಥೆಯನ್ನು ಮತ್ತೆ ಯಾಕೆ ಹೇಳ್ತೀರಿ?

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವ ಗೆಳತಿ ಕ್ರೈಸ್ತಳು. ಡಿಸೆಂಬರ್ ಬಂತೆಂದರೆ ಯೇಸು ಹುಟ್ಟಿದ ಕಥೆ ಹೇಳದೆ ಇರುವುದಿಲ್ಲ. ಎರಡು ಸಾವಿರ ವರ್ಷ ಹಳೆಯ ಕಥೆಯನ್ನು ಇವತ್ತೂ ಹೇಳಬೇಕಾ? ನಮ್ಮನ್ನು ತಮ್ಮ ಕಡೆ ಸೆಳೆಯುವುದಕ್ಕಾ? ಬೇಜಾರು ಮಾಡಿಕೊಳ್ಳದೆ ಹೇಳಿ, ಅಮ್ಮಾ.

ಉತ್ತರ: ಬೇಜಾರೇನಿಲ್ಲ, ಕೇಳಿದ್ದು ಒಳ್ಳೆಯದೇ ಆಯಿತು. ನಾನೂ ಆ ಕಥೆ ಹೇಳುವವಳೇ. ಇಪ್ಪತ್ತೆರಡು ವರ್ಷದಿಂದ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ.

ಇದನ್ನು ಮೊದಲು ಹೇಳಿದವರು ಯಾರು ನೋಡಿ. ರಾತ್ರಿ ಬಯಲಲ್ಲಿ ಕುರಿ ಕಾಯುತ್ತಿದ್ದ ಕುರುಬರು. ಚಕ್ರವರ್ತಿ ಔಗುಸ್ತ ಜನರ ಲೆಕ್ಕ ಬರೆಸಿ ಅಂತ ಆಜ್ಞೆ ಮಾಡಿದ್ದ. ಅದಕ್ಕೇ ಯೋಸೇಫ ಗರ್ಭಿಣಿ ಮರಿಯಳ ಜೊತೆ ನಜರೇತಿನಿಂದ ಬೆತ್ಲೆಹೇಮಿಗೆ ಬಂದ. ಛತ್ರದಲ್ಲಿ ಜಾಗ ಸಿಗಲಿಲ್ಲ. ಕೂಸಿಗೆ ದನಗಳಿಗೆ ಮೇವು ಹಾಕುವ ಗೋದಲಿಯೇ ತೊಟ್ಟಿಲಾಯಿತು. ದೇವದೂತ ಈ ಸುದ್ದಿ ತಂದಿದ್ದು ಅರಮನೆಗಲ್ಲ, ಆ ಕುರುಬರಿಗೆ. ಅವನ ಮಾತಿನಲ್ಲಿ ಎರಡು ಪದ ಇವೆ: "ಈ ಹೊತ್ತು", "ನಿಮಗೋಸ್ಕರ". ಯಾರ ಲೆಕ್ಕಕ್ಕೂ ಬಾರದವರಿಗೆ "ನಿಮಗೋಸ್ಕರ" ಅಂದರೆ ಅವರು ಸುಮ್ನೆ ಇರುತ್ತಾರಾ? ಓಡಿಹೋಗಿ ನೋಡಿದರು, ಕಂಡವರಿಗೆಲ್ಲ ಹೇಳಿದರು. ನಾವು ಮಾಡುತ್ತಿರುವುದೂ ಅಷ್ಟೇ.

ಒಂದು ವರ್ಷ ಕಥೆಯ ನಡುವೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಪಾಪುಗೆ ಬಟ್ಟೆ ಸುತ್ತಿದ್ದು ಯಾರು?" ಅಷ್ಟು ವರ್ಷ ಹೇಳಿದ್ದರೂ ನನಗೆ ಅದು ಹೊಳೆದೇ ಇರಲಿಲ್ಲ. ಬೈಬಲಿನಲ್ಲಿ ಈ ಕಥೆ ಬರೆದ ಲೂಕನ ಎರಡನೇ ಅಧ್ಯಾಯ ತೆಗೆದು ನೋಡಿದೆ. ಸೂಲಗಿತ್ತಿ ಅಂತಿಲ್ಲ, ನೆಂಟರು ಅಂತಿಲ್ಲ. ಹೆತ್ತವಳೇ ಸುತ್ತಿದಳು ಅಂತಿದೆ. "ಅಮ್ಮನೇ ಸುತ್ತಿದ್ದು ಪುಟ್ಟಾ" ಅಂದೆ. ಅವಳ ಮನೆಯಲ್ಲಿ ತಮ್ಮ ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ನಾಟಕಕ್ಕೆ ಇಟ್ಟಿದ್ದ ಬೊಂಬೆಯನ್ನು ಎತ್ತಿಕೊಂಡು, ತನ್ನ ದುಪ್ಪಟ್ಟಾದಲ್ಲಿ ಸುತ್ತಿ, ಕುತ್ತಿಗೆಯ ಹತ್ತಿರ ಬಿಗಿಯಾಯಿತಾ ಅಂತ ಒಂದು ಬೆರಳು ತೂರಿಸಿ ನೋಡಿದಳು. ನನಗೆ ಮಾತೇ ಹೊರಡಲಿಲ್ಲ. ಯಾರಾದರೂ ಸುತ್ತಿ ಮಲಗಿಸಬೇಕು, ಅಷ್ಟು ಚಿಕ್ಕದಾಗಿ ದೇವರು ಬಂದ ಅನ್ನುವುದು ಅವತ್ತು ಕಣ್ಣಿಗೆ ಕಟ್ಟಿತು.

ಯೇಸುವಿಗೆ ಇಮ್ಮಾನುವೇಲ ಅಂತಲೂ ಹೆಸರಿದೆ, ಅಂದರೆ "ದೇವರು ನಮ್ಮ ಜೊತೆ" ಅಂತ ಅರ್ಥ. ನಮ್ಮ ಯಜಮಾನರು ತೀರಿಕೊಂಡಾಗ "ದೇವರು ಮೇಲಿದ್ದಾನೆ" ಅಂದವರು ಬಹಳ ಜನ. ನನ್ನನ್ನು ಹಿಡಿದು ನಿಲ್ಲಿಸಿದ್ದು "ಜೊತೆಗಿದ್ದಾನೆ" ಅನ್ನುವ ಮಾತು. ಹಾಗೆ ಒಂಟಿಯಾಗಿ ಕೂತವರು ಇವತ್ತೂ ಇದ್ದಾರೆ ಅಲ್ವಾ? ಅದಕ್ಕೇ ಇವತ್ತೂ ಹೇಳುತ್ತೇವೆ.

ಇನ್ನು ಸೆಳೆಯುವ ಮಾತು. ಕುರುಬರು ಹೇಳಿದ್ದನ್ನು ಕೇಳಿದವರು ಆಶ್ಚರ್ಯಪಟ್ಟರು. ಮರಿಯಳು ಮನಸ್ಸಿನಲ್ಲೇ ಇಟ್ಟುಕೊಂಡಳು. ಕುರುಬರು ದೇವರನ್ನು ಕೊಂಡಾಡುತ್ತಾ ವಾಪಸ್ ಹೋದರು. ಯಾರೂ ಯಾರನ್ನೂ ಒತ್ತಾಯ ಮಾಡಲಿಲ್ಲ. ಗೆಳತಿಯ ಮಾತು ಜಾಸ್ತಿ ಆಯಿತು ಅನ್ನಿಸಿದರೆ "ಇವತ್ತಿಗೆ ಸಾಕು ಕಣೇ" ಅನ್ನಿ. ಕಥೆಯನ್ನು ಪ್ರೀತಿಯಿಂದ ಹೇಳುವವಳು ಅದಕ್ಕೆ ಕೋಪ ಮಾಡಿಕೊಳ್ಳಬಾರದು.

ಪ್ರಶ್ನೆ: ಬೈಬಲಿನಲ್ಲಿ ಹುಟ್ಟಿದ ದಿನವೇ ಇಲ್ಲವಂತೆ. ಹಾಗಾದರೆ ಡಿಸೆಂಬರ್ 25 ಎಲ್ಲಿಂದ ಬಂತು? ಹಬ್ಬಕ್ಕೆ ಬೊಂಬೆಗಳನ್ನಿಟ್ಟು ಗೋದಲಿ ಕಟ್ಟುವುದು?

ಉತ್ತರ: ನಿಜ, ತಾರೀಕು ಇಲ್ಲ. ರೋಮಿನಲ್ಲಿ ಕ್ರಿ.ಶ. 336ರ ಹೊತ್ತಿಗೆ ಆ ದಿನ ಹಬ್ಬ ಮಾಡುತ್ತಿದ್ದರು. ಹಳೆಯ ಪಂಚಾಂಗ ಹಿಡಿದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳಿಗೆ ಅದು ಈಗ ಜನವರಿ 7ಕ್ಕೆ ಬೀಳುತ್ತದೆ. ಗೋದಲಿಯ ವಿಚಾರಕ್ಕೆ ಬಂದರೆ, 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆ ತರಿಸಿದರು. ಆ ಬಡತನವನ್ನು ಜನ ಕಣ್ಣಾರೆ ನೋಡಲಿ ಅಂತ. ಲೂಕನ ಕಥೆಯಲ್ಲಿ ಎತ್ತು, ಕತ್ತೆ ಇಲ್ಲ. ಕೂಸನ್ನು ನೋಡಲು ಪೂರ್ವದಿಂದ ಬಂದ ಜೋಯಿಸರು ಮೂವರೇ ಅಂತ, ಬೈಬಲಿನಲ್ಲಿ ಅವರ ಕಥೆ ಬರೆದ ಮತ್ತಾಯನೂ ಹೇಳಿಲ್ಲ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿಕೊಡುತ್ತೇನೆ. ಆದರೂ ಗೋದಲಿ ಕಟ್ಟುವಾಗ ಎತ್ತು, ಕತ್ತೆ ಎರಡನ್ನೂ ಕೂಸಿನ ಪಕ್ಕದಲ್ಲೇ ಇಡುತ್ತೇನೆ.