ಜಾಝ್ ಪಿಯಾನೊ ವಾದಕ ಆರ್ಟ್ ಟೇಟಮ್ ಅವರ ಆರಂಭದ ರೆಕಾರ್ಡಿಂಗ್‌ಗಳಲ್ಲಿ ಮೊದಲು ಯಾವುದನ್ನು ಕೇಳಬೇಕು?

1933ರ ಮಾರ್ಚ್‌ನಲ್ಲಿ ಬ್ರನ್ಸ್‌ವಿಕ್ ಕಂಪನಿಗೆ ನುಡಿಸಿದ ‘ಟೈಗರ್ ರ‍್ಯಾಗ್’ ಕೇಳಿ. ಉಳಿದಿದ್ದೆಲ್ಲ ಆಮೇಲೆ.

ಟೇಟಮ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಟೊಲೀಡೊ ಊರಿನಲ್ಲಿ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. 1932ರಲ್ಲಿ ಗಾಯಕಿ ಅಡಿಲೇಡ್ ಹಾಲ್ ಅವರಿಗೆ ಪಿಯಾನೊ ಸಾಥ್ ಕೊಡಲು ನ್ಯೂಯಾರ್ಕ್‌ಗೆ ಬಂದರು. ಅವರ ಜೊತೆ ರೆಕಾರ್ಡಿಂಗನ್ನೂ ಮಾಡಿದರು. ಆದರೆ ನಿಜವಾದ ಟೇಟಮ್ ಸಿಗುವುದು ಮರುವರ್ಷ ಒಬ್ಬರೇ ಕೂತು ನುಡಿಸಿದ 4 ಹಾಡುಗಳಲ್ಲಿ.

‘ಟೈಗರ್ ರ‍್ಯಾಗ್’ ಎರಡೂವರೆ ನಿಮಿಷವೂ ಇಲ್ಲ. ವೇಗ ಮಾತ್ರ ಉಸಿರುಗಟ್ಟಿಸುತ್ತದೆ. ಎಡಗೈ ಒಮ್ಮೆ ಕೆಳಗಿನ ದಪ್ಪ ಸ್ವರಕ್ಕೆ, ಮರುಕ್ಷಣ ಮಧ್ಯದ ಕಾರ್ಡ್‌ಗೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ, ಜಿಗಿಯುತ್ತದೆ. ಇದನ್ನು ಸ್ಟ್ರೈಡ್ ಶೈಲಿ ಅನ್ನುತ್ತಾರೆ. ಅದರ ಮೇಲೆ ಬಲಗೈ ಸ್ವರಗಳ ಮಳೆಯನ್ನೇ ಸುರಿಸುತ್ತದೆ. ಇಬ್ಬರು ನುಡಿಸುತ್ತಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದರು. ಆಗ ರೆಕಾರ್ಡಿಂಗಿನ ತುಂಡುಗಳನ್ನು ಜೋಡಿಸುವ ಸೌಲಭ್ಯವೂ ಇರಲಿಲ್ಲ. ತಪ್ಪಾದರೆ ಮೊದಲಿಂದ ನುಡಿಸಬೇಕು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಸುಮ್ನೆ ವೇಗವಷ್ಟೇ ಅಲ್ವಾ ಅಂತ ಅನಿಸಿದರೆ ‘ಟೀ ಫಾರ್ ಟೂ’ ಕೇಳಿ. ಅದೇ 1933ರದ್ದು. ಪರಿಚಯದ ರಾಗದ ಕೆಳಗಿನ ಕಾರ್ಡ್‌ಗಳನ್ನೇ ಅವರು ಬದಲಿಸುತ್ತಾ ಹೋಗುತ್ತಾರೆ. ದಾರಿ ತಪ್ಪಿತು ಅನ್ನುವಷ್ಟರಲ್ಲಿ ಮನೆಗೆ ಮರಳಿರುತ್ತಾರೆ. 1939ರಲ್ಲಿ ಡೆಕ್ಕಾ ಕಂಪನಿಗೆ ಇದನ್ನೇ ಮತ್ತೆ ನುಡಿಸಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ನನಗೆ ಎರಡನೆಯದೇ ಜಾಸ್ತಿ ಇಷ್ಟ. ಅದರಲ್ಲಿ ಆತುರ ಕಡಿಮೆ.