ಕಪ್ಪಗಿದ್ದ ಮಾತ್ರಕ್ಕೆ ಸ್ಟ್ರಾಂಗ್ ಅಲ್ಲ

(ಓದುಗರ ಪ್ರಶ್ನೆಗಳಿಗೆ ಈ ಸಲವೂ ಉತ್ತರ ಕೊಡುತ್ತಿರುವವರು ಜರ್ಮನಿಯ ಬವೇರಿಯಾದಲ್ಲಿ ಕೆಲಸ ಕಲಿತು, ಈಗ ಬೆಂಗಳೂರಿನ ಬ್ರೂಪಬ್ (ಅಲ್ಲೇ ಬಿಯರ್ ತಯಾರಿಸಿ ಮಾರುವ ಪಬ್) ಒಂದರಲ್ಲಿ ಬ್ರೂವರ್ ಆಗಿರುವ ನಮ್ಮ ಅಂಕಣಕಾರರು.)

ಪ್ರಶ್ನೆ: ಭಾವನ ಜೊತೆ ಬೆಂಗಳೂರಿನ ಒಂದು ಬ್ರೂಪಬ್‌ಗೆ ಹೋಗಿದ್ದೆ. ಬೋರ್ಡ್ ಮೇಲೆ 'ಷ್ವಾರ್ಟ್ಸ್‌ಬಿಯರ್, ಜರ್ಮನ್ ಡಾರ್ಕ್ ಲಾಗರ್' ಅಂತ ಬರೆದಿತ್ತು. ಬಣ್ಣ ನೋಡಿದರೆ ಡಿಕಾಕ್ಷನ್. ಕುಡಿದರೆ ಹಗುರ, ಕಿಕ್ಕೂ ಇಲ್ಲ. ನೀರು ಬೆರೆಸಿ ಕೊಟ್ಟರಾ? — ಒಬ್ಬ ಓದುಗ, ದಾವಣಗೆರೆ

ಉತ್ತರ: ಪಾಪ, ಅವರನ್ನು ಬೈಯಬೇಡಿ. ಅವರು ಸರಿಯಾಗಿಯೇ ಮಾಡಿರಬೇಕು. ಲಾಗರ್ ಅಂದರೆ ತಣ್ಣಗೆ, ನಿಧಾನವಾಗಿ ಹುದುಗಿಸಿದ ಬಿಯರ್. ಷ್ವಾರ್ಟ್ಸ್‌ಬಿಯರ್ ಇರುವುದೇ ಹಾಗೆ. ಜರ್ಮನಿಯ ಥುರಿಂಗಿಯಾದಲ್ಲಿ ಬಾಡ್ ಕೋಸ್ಟ್ರಿಟ್ಸ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಬ್ರೂವರಿಯ ಇತಿಹಾಸ 1543ಕ್ಕೆ ಹೋಗುತ್ತದೆ. ಅವರ ಕೋಸ್ಟ್ರಿಟ್ಸರ್ ಈ ಜಾತಿಯ ಬಿಯರ್‌ಗಳಲ್ಲೇ ಹೆಸರುವಾಸಿ. ಅದರಲ್ಲಿ ಆಲ್ಕೋಹಾಲ್ ಎಷ್ಟು ಗೊತ್ತಾ? ಶೇ. 4.8. ನಮ್ಮಲ್ಲಿ 'ಸ್ಟ್ರಾಂಗ್' ಅಂತ ಮಾರುವ ಹಳದಿ ಬಿಯರ್ ಶೇ. 7ರಿಂದ 8ರವರೆಗೂ ಇರುತ್ತದೆ. ಕಿಕ್ಕೇ ಬೇಕು ಅಂದರೆ ನೀವು ತಪ್ಪು ಗ್ಲಾಸಿಗೆ ದುಡ್ಡು ಕೊಟ್ಟಿದ್ದೀರಿ, ಅಷ್ಟೇ.

ಬಣ್ಣ ಬರುವುದು ಹುರಿದ ಮಾಲ್ಟ್‌ನಿಂದ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸುತ್ತೇವಲ್ಲ, ಬಾರ್ಲಿಗೂ ಅದನ್ನೇ ಮಾಡುತ್ತಾರೆ. ಅದರಲ್ಲಿ ಒಂದು ಚೂರು ಭಾಗವನ್ನು ಮಾತ್ರ 200 ಡಿಗ್ರಿಗಿಂತ ಜಾಸ್ತಿ ಕಾವಿನಲ್ಲಿ ಕಪ್ಪಗಾಗುವವರೆಗೆ ಹುರಿಯುತ್ತಾರೆ. ನೂರು ಕಿಲೋ ಧಾನ್ಯಕ್ಕೆ ನಾಲ್ಕೈದು ಕಿಲೋ ಹಾಕಿದರೂ ಇಡೀ ಟ್ಯಾಂಕ್ ಕಪ್ಪಾಗುತ್ತದೆ. ಆಲ್ಕೋಹಾಲ್ ಆಗುವುದು ಧಾನ್ಯದ ಸಕ್ಕರೆಯಿಂದ. ಕಪ್ಪು ಮಾಲ್ಟ್‌ನಲ್ಲಿ ಯೀಸ್ಟಿಗೆ ತಿನ್ನಲು ಸಿಗುವ ಸಕ್ಕರೆ ತೀರಾ ಕಮ್ಮಿ.

ಹಾಗಾದರೆ ಅಷ್ಟು ಕಪ್ಪಿದ್ದೂ ನಾಲಿಗೆಗೆ ಸುಟ್ಟ ಕಹಿ ಯಾಕೆ ಹತ್ತಲಿಲ್ಲ? ಇಲ್ಲೇ ಕೈಚಳಕ ಇರುವುದು. ಒರಟು ಕಹಿ ಬಹುಪಾಲು ಬರುವುದು ಕಾಳಿನ ಸಿಪ್ಪೆಯಿಂದ. ಬಾಂಬೆರ್ಗ್ ಊರಿನಲ್ಲಿ 1879ರಿಂದ ಇರುವ ವೈಯರ್‌ಮನ್ ಅನ್ನೋ ಮಾಲ್ಟ್ ಕಂಪನಿ, ಸಿಪ್ಪೆ ತೆಗೆದ ಕಾಳನ್ನು ಹುರಿದು ಕರಾಫಾ ಸ್ಪೆಷಲ್ ಅನ್ನೋ ಹೆಸರಿನಲ್ಲಿ ಮಾರುತ್ತದೆ. ಜರ್ಮನ್ ಡಾರ್ಕ್ ಲಾಗರ್ ಮಾಡುವ ಬ್ರೂವರ್‌ಗಳಿಗೆ ಅದು ತೀರಾ ಪರಿಚಿತ. ಚೀಲ ಬಿಚ್ಚಿದ ಕೂಡಲೇ ಘಮ್ ಅಂತ ಹೊಡೆಯುತ್ತದೆ. ಒಂದೆರಡು ಕಾಳು ಬಾಯಿಗೆ ಹಾಕಿಕೊಳ್ಳದೆ ನಾನು ಚೀಲ ಸುರಿದದ್ದೇ ಇಲ್ಲ.

ಮುಂದಿನ ಸಲ ಹೀಗೆ ಮಾಡಿ ನೋಡಿ. ಗ್ಲಾಸನ್ನು ದೀಪಕ್ಕೆ ಹಿಡಿಯಿರಿ. ಮಧ್ಯೆ ಕಪ್ಪು, ಅಂಚಿನಲ್ಲಿ ದಾಳಿಂಬೆ ಕೆಂಪು ಕಾಣಬೇಕು. ಫ್ರಿಡ್ಜಿನಿಂದ ತೆಗೆದ ಮಂಜು ಹಿಡಿದ ಮಗ್ ಕೊಟ್ಟರೆ ವಾಪಸ್ ಕೊಟ್ಟು ಸಾದಾ ಗ್ಲಾಸ್ ಕೇಳಿ. ಅಷ್ಟು ತಣ್ಣಗಿದ್ದರೆ ಮೂಗಿಗೂ ಏನೂ ತಿಳಿಯುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಏಳೆಂಟು ಡಿಗ್ರಿ ಸಾಕು. ಇನ್ನೊಂದು ಮಾತು. 'ನೊರೆ ಕಮ್ಮಿ ಹಾಕಪ್ಪ' ಅನ್ನಬೇಡಿ. ಎರಡು ಬೆರಳಷ್ಟು ನೊರೆ ಇರಲಿ. ಪರಿಮಳ ಇರುವುದೇ ಅಲ್ಲಿ. ಮೊದಲು ಮೂಸಿ. ಬ್ರೆಡ್ಡಿನ ಕಂದು ಅಂಚು, ಅದರ ಹಿಂದೆ ಸ್ವಲ್ಪ ಕಾಫಿ. ಗುಟುಕು ಬಾಯಿಗೆ ಬಂದಾಗ ಒಂದು ಕ್ಷಣ ಸಿಹಿ ಅನ್ನಿಸುತ್ತದೆ. ನುಂಗಿದ ಮೇಲೆ ಸಿಹಿ ಹೋಗಿ ಬಾಯಿ ಒಣಗುತ್ತದೆ, ಕಹಿ ಸಣ್ಣಗೆ ಉಳಿಯುತ್ತದೆ. ನೀವು 'ನೀರು' ಅಂದಿರಲ್ಲ, ಆ ಹಗುರತನಕ್ಕೇ ನಾವು ಬ್ರೂವರ್‌ಗಳು ಒದ್ದಾಡೋದು! ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂತೋ, ಆಗ ದೂರು ಕೊಡಿ. ಯೀಸ್ಟ್ ಕೆಲಸ ಮುಗಿಸುವ ಮೊದಲೇ ಟ್ಯಾಂಕ್ ತಣ್ಣಗೆ ಮಾಡಿದರೆ ಹಾಗಾಗುತ್ತದೆ.

ಪ್ರಶ್ನೆ: ಡುಂಕೆಲ್, ಷ್ವಾರ್ಟ್ಸ್‌ಬಿಯರ್ ಎರಡೂ ಒಂದೇನಾ? — ಒಬ್ಬ ಓದುಗಿ, ಮೈಸೂರು

ಉತ್ತರ: ಅಲ್ಲ, ಆದರೆ ಹತ್ತಿರದ ನೆಂಟರು. ಡುಂಕೆಲ್ ಮ್ಯೂನಿಕ್ ಕಡೆಯ ಡಾರ್ಕ್ ಲಾಗರ್. ಕಪ್ಪಲ್ಲ, ಕೆಂಪು ಮಿಶ್ರಿತ ಕಂದು. ಅದರಲ್ಲಿ ಬಹುಪಾಲು ಇರುವುದು ಮ್ಯೂನಿಕ್ ಮಾಲ್ಟ್. ಅದನ್ನು ಸುಮಾರು 100 ಡಿಗ್ರಿಯಲ್ಲಿ ಒಣಗಿಸುತ್ತಾರೆ, ಹಾಗಾಗಿ ಸುಟ್ಟ ರುಚಿ ಇಲ್ಲ, ಬ್ರೆಡ್ ರುಚಿ ಜಾಸ್ತಿ. ಷ್ವಾರ್ಟ್ಸ್‌ಬಿಯರ್ ಇನ್ನೂ ಕಪ್ಪು, ಇನ್ನೂ ಒಣ. ಮ್ಯೂನಿಕ್ ನೀರು ಗಡಸು. ಅದರಲ್ಲಿ ತಿಳಿ ಬಿಯರ್ ಸರಿಯಾಗಿ ಬರುತ್ತಿರಲಿಲ್ಲ, ಗಾಢ ಮಾಲ್ಟ್ ಹಾಕಿದರೆ ಹೊಂದುತ್ತಿತ್ತು. ಸ್ಪಾಟನ್ ಬ್ರೂವರಿ ಅಲ್ಲಿ ಹೆಲ್ಲಸ್ ಅನ್ನೋ ತಿಳಿ ಲಾಗರ್ ಬಿಟ್ಟದ್ದು 1894ರಲ್ಲಿ. ಅದಕ್ಕೆ ಮುಂಚೆ ಆ ಊರಿನಲ್ಲಿ ಬಿಯರ್ ಅಂದರೆ ಹೆಚ್ಚಾಗಿ ಕಂದು ಬಣ್ಣದ್ದೇ. ನನ್ನ ಓಟು ಡುಂಕೆಲ್‌ಗೆ. ಷ್ವಾರ್ಟ್ಸ್‌ಬಿಯರ್ ಪ್ರಿಯರು ಜಗಳಕ್ಕೆ ಬರಬಹುದು, ಬರಲಿ.

ಪ್ರಶ್ನೆ: ಬೆಂಗಳೂರಿನ ಪಬ್‌ಗಳಲ್ಲಿ ಗೋಧಿ ಬಿಯರ್ ಯಾವಾಗಲೂ ಸಿಗುತ್ತೆ. ಡಾರ್ಕ್ ಲಾಗರ್ ಮಾತ್ರ ಅಪರೂಪ. ಯಾಕೆ? — ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಟ್ಯಾಂಕ್ ಬಾಡಿಗೆ ಲೆಕ್ಕ ಸ್ವಾಮಿ. ಗೋಧಿ ಬಿಯರ್ ಸುಮಾರು ಎರಡು ವಾರದಲ್ಲಿ ಗ್ಲಾಸಿಗೆ ಬರುತ್ತದೆ. ಲಾಗರ್ ಯೀಸ್ಟ್ 10 ಡಿಗ್ರಿ ಆಸುಪಾಸಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಆಮೇಲೆ ಸೊನ್ನೆ ಡಿಗ್ರಿ ಹತ್ತಿರ ವಾರಗಟ್ಟಲೆ ಸುಮ್ನೆ ಇಡಬೇಕು. ಅದೇ ಟ್ಯಾಂಕಿನಲ್ಲಿ ಅಷ್ಟು ಹೊತ್ತಿಗೆ ಎರಡು ಸಲ ಗೋಧಿ ಬಿಯರ್ ಮಾಡಿ ಮಾರಿರಬಹುದು, ಮೂರನೆಯದಕ್ಕೂ ಕೈ ಹಾಕಿರಬಹುದು. ಬೇಸಿಗೆಯ ಕರೆಂಟ್ ಬಿಲ್ ಬೇರೆ. ಮಾಲೀಕರ ಮುಂದೆ ಡುಂಕೆಲ್ ಮಾತೆತ್ತಿದಾಗೆಲ್ಲ ಅವರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಅವರದ್ದೂ ತಪ್ಪಲ್ಲ ಬಿಡಿ. ಅವಸರಕ್ಕೆ ಬಿದ್ದು, ಬೆಚ್ಚಗಿದ್ದರೆ ಬೇಗ ಕೆಲಸ ಮುಗಿಸುವ ಏಲ್ ಯೀಸ್ಟ್ ಹಾಕಿ, ಕಪ್ಪು ಮಾಲ್ಟ್ ಸೇರಿಸಿ, 'ಡಾರ್ಕ್ ಲಾಗರ್' ಅಂತ ಬೋರ್ಡ್ ಹಾಕಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಹಣ್ಣಿನ ವಾಸನೆ ಜೋರಾಗಿ ಬಂದರೆ ಅನುಮಾನ ಪಡಿ. 'ಎಷ್ಟು ವಾರ ಟ್ಯಾಂಕಿನಲ್ಲಿತ್ತು?' ಅಂತ ಕೇಳಿ. ನಿಜವಾಗಿ ಕಾದವರು ಖುಷಿಯಿಂದ ಹೇಳುತ್ತಾರೆ.

ಪ್ರಶ್ನೆ: ಡಾರ್ಕ್ ಲಾಗರ್‌ಗೆ ನಂಚಿಕೊಳ್ಳಲು ಏನು ಚೆನ್ನ? — ಒಬ್ಬ ಓದುಗ, ಮಡಿಕೇರಿ

ಉತ್ತರ: ಮಡಿಕೇರಿಯವರು ಇದನ್ನು ಕೇಳಬೇಕಾ! ಪಂದಿ ಕರಿ. ಕಾಚಂಪುಳಿಯ ಹುಳಿ, ಹುರಿದ ಮಸಾಲೆಯ ಕಪ್ಪು, ಹಂದಿಯ ಕೊಬ್ಬು, ಮೂರಕ್ಕೂ ಡುಂಕೆಲ್ ಸರಿಹೋಗುತ್ತದೆ. ಸಸ್ಯಾಹಾರಿಗಳಿಗೆ ಹುರಿದ ಶೇಂಗಾ. ಗೋಬಿ ಮಂಚೂರಿ ಬೇಡ, ಆ ಸಾಸ್ ಮುಂದೆ ಯಾವ ಬಿಯರೂ ನಿಲ್ಲುವುದಿಲ್ಲ.

ಪ್ರಶ್ನೆ: ಮಗ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಓದುತ್ತಿದ್ದಾನೆ. ಅವನನ್ನು ನೋಡಲು ಹೋಗುತ್ತಿದ್ದೇವೆ. ಆ ಕಡೆ ಡಾರ್ಕ್ ಲಾಗರ್ ಎಲ್ಲಿ ರುಚಿ ನೋಡಬಹುದು? — ಒಬ್ಬ ಓದುಗ, ಹಾಸನ

ಉತ್ತರ: ಒಳ್ಳೆ ಜಾಗದಲ್ಲಿದ್ದಾನೆ ನಿಮ್ಮ ಮಗ! ಅದು ಬವೇರಿಯಾದ ಉತ್ತರ ಭಾಗದ ಫ್ರಾಂಕೋನಿಯಾ. ಹಳ್ಳಿಗೊಂದು ಅನ್ನುವಷ್ಟು ಸಣ್ಣ ಬ್ರೂವರಿಗಳಿವೆ. ರೈಲಿನಲ್ಲಿ ಕುಲ್ಮ್‌ಬಾಖ್‌ಗೆ ಹೋಗಿ. ಅಲ್ಲಿನ ಮ್ಯೋಂಕ್ಸ್‌ಹೋಫ್‌ನಲ್ಲಿ ಬಿಯರ್ ಮ್ಯೂಸಿಯಂ ಇದೆ, ಅವರದೇ ಷ್ವಾರ್ಟ್ಸ್‌ಬಿಯರ್ ಕೂಡ ಇದೆ. ಮನೆಯವರಿಗೆ ಬಿಯರ್ ಬೇಡವಾದರೂ ಮ್ಯೂಸಿಯಂ ಹಿಡಿಸುತ್ತದೆ. ಹಾಗೇ ಬಾಂಬೆರ್ಗ್‌ಗೂ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಅಲ್ಲಿ ಶ್ಲೆಂಕರ್ಲಾದಲ್ಲಿ ಮರದ ಪೀಪಾಯಿಯಿಂದ ಸುರಿಯುವ ಗಾಢ ಬಣ್ಣದ ಬಿಯರ್ ನೋಡಿ ಇದೇ ಡುಂಕೆಲ್ ಅಂದುಕೊಳ್ಳಬೇಡಿ. ಅದು ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟ್‌ನದು. ಮೊದಲ ಗುಟುಕಿಗೇ ಒಲೆಯ ಹೊಗೆ ಬಾಯಲ್ಲಿ ತುಂಬುತ್ತದೆ. ಅರ್ಧ ಲೀಟರ್ ತೆಗೆದುಕೊಳ್ಳುವ ಮೊದಲು ಮಗನ ಗ್ಲಾಸಿನಿಂದ ಒಂದು ಗುಟುಕು ಕುಡಿದು ನೋಡಿ.